ಮನೆ ಬಿಡದೆ ಪರದೇಶದಲ್ಲಿ ಬಾಳಿದ ಮಂಜೇಶ್ವರದ ಪೈಗಳು

ವಿಮಾನ ಹತ್ತಿ ಪರದೇಶಕ್ಕೆ ಹೋಗಿ ಆರು ತಿಂಗಳು ಇದ್ದು ಬರೋದು ಈಗ ನಮ್ಮ ಹಳ್ಳಿಗಳಲ್ಲೂ ದೊಡ್ಡ ಸುದ್ದಿಯಲ್ಲ. ಮಗ ಅಮೆರಿಕಾದಲ್ಲಿ ಇಂಜಿನಿಯರು, ಅಪ್ಪ ಅಮ್ಮ ದೇವನಹಳ್ಳಿಯಲ್ಲಿ ವಿಮಾನ ಹತ್ತುತ್ತಾರೆ. ಕಾಸರಗೋಡಿನವರಿಗಂತೂ ಕೊಲ್ಲಿ ದೇಶ ಪಕ್ಕದೂರಿನ ಸಂತೆ ಇದ್ದ ಹಾಗೆ. ಹೋಗಿ ಬಂದವರನ್ನು ಕೇಳಿ ನೋಡಿ. ರಸ್ತೆ ಚೆನ್ನಾಗಿದೆ, ಚಳಿ ಜಾಸ್ತಿ, ಹುಣಸೆಹಣ್ಣು ಅಲ್ಲೂ ಸಿಗುತ್ತೆ ಅಂತಾರೆ. ಅಲ್ಲಿನ ಜನ ಯಾವುದಕ್ಕೆ ಅಳ್ತಾರೆ, ಯಾವುದಕ್ಕೆ ನಗ್ತಾರೆ ಅಂದರೆ ಸುಮ್ಮನಾಗ್ತಾರೆ. ಅದು ಅವರ ತಪ್ಪಲ್ಲ. ಮಾತು ಬಾರದ ಊರಲ್ಲಿ ಎಷ್ಟು ದಿನ ಇದ್ದರೂ ನಾವು ನೆಂಟರೇ.

ಇದಕ್ಕೆ ತದ್ವಿರುದ್ಧವಾಗಿ ಬಾಳಿದವರು ಮಂಜೇಶ್ವರದ ಗೋವಿಂದ ಪೈಗಳು. ಅವರ ಜೀವನಚರಿತ್ರೆಯಲ್ಲಿ ಪರದೇಶ ಪ್ರಯಾಣದ ಅಧ್ಯಾಯವಿಲ್ಲ. ಆದರೆ ಗ್ರೀಸು, ಜಪಾನು, ಯೇಸುವಿನ ಜೆರುಸಲೇಮು, ಇಲ್ಲೆಲ್ಲ ಅವರು ಮನಸ್ಸಿನಲ್ಲಿ ವರ್ಷಗಟ್ಟಲೆ ವಾಸ ಮಾಡಿದರು. ನಾನು ಆಂಧ್ರ ಗಡಿಯಲ್ಲಿ ಕಡಲೆಕಾಯಿ ಬೆಳೆಯುವವನು, ಓದಿದ್ದು ಎಸ್ಸೆಸ್ಸೆಲ್ಸಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಪದ್ಯ ಕಟ್ಟುತ್ತೇನೆ. ಪೂರ್ವದ ಗಡಿಯವನಾದ ನನಗೆ ಪಡುವಣ ಗಡಿಯ ಈ ಹಿರಿಯರು ನಮ್ಮ ಮನೆಯವರ ಹಾಗೇ ಕಾಣುತ್ತಾರೆ.

ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು, ಮಂಜೇಶ್ವರದಲ್ಲಿ, ತಾಯಿಯ ತೌರುಮನೆಯಲ್ಲಿ. ಆಗ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ. ಮನೆಮಾತು ಕೊಂಕಣಿ, ಬೀದಿಯಲ್ಲಿ ತುಳು, ಪಕ್ಕದಲ್ಲೇ ಮಲಯಾಳ, ಬರವಣಿಗೆಗೆ ಕನ್ನಡ. ಮಂಗಳೂರಿನಲ್ಲಿ ಓದಿ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ತಂದೆ ತೀರಿಕೊಂಡದ್ದರಿಂದ ಬಿ.ಎ. ಪೂರ್ತಿಯಾಗಲಿಲ್ಲ. ಮನೆ ಹಿರಿತನ ಹೆಗಲಿಗೆ ಬಿತ್ತು. ನಮ್ಮಂಥ ರೈತರ ಮಕ್ಕಳಿಗೆ ಈ ಕಥೆ ಹೊಸದಲ್ಲ. ಎಷ್ಟೋ ಜನರ ಓದು ಅಲ್ಲಿಗೇ ನಿಂತುಹೋಗುತ್ತದೆ. ಪೈಗಳದು ಅಲ್ಲಿಂದಲೇ ಶುರುವಾಯಿತು.

ಸಮುದ್ರದ ಪಕ್ಕದ ಆ ಊರಲ್ಲಿ ಕೂತು ಅವರು ಪುಸ್ತಕ ರಾಶಿ ಹಾಕಿದರು. ಒಂದೊಂದಾಗಿ ಭಾಷೆ ಕಲಿತರು. ಇಪ್ಪತ್ತಕ್ಕೂ ಹೆಚ್ಚು ಭಾಷೆ ಬಲ್ಲವರು ಅಂತ ಅವರ ಬಗ್ಗೆ ಬರೆದವರು ಹೇಳುತ್ತಾರೆ. ನಮ್ಮ ತೆಲುಗೂ ಅದರಲ್ಲಿ ಸೇರಿದೆ. ಭಾಷೆ ಕಲಿಯೋದು ಬಾವಿ ತೋಡಿದ ಹಾಗೆ. ಮೊದಲು ಬರೀ ಮಣ್ಣು, ಆಮೇಲೆ ಕಲ್ಲು, ತಾಳ್ಮೆ ಇದ್ದವನಿಗೆ ನೀರು.

ಹೋದವರು ಬರಿಗೈಲಿ ಬರಲಿಲ್ಲ ಅನ್ನೋದು ಮುಖ್ಯ. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ನೋ ಅಂದರೆ ಸುಮಾರು ಆರುನೂರು ವರ್ಷ ಹಳೆಯ ಆಟ. ಮುಖವಾಡ, ಮೇಳದ ಹಾಡು, ನಿಧಾನದ ಹೆಜ್ಜೆ. ಸತ್ತವರ ಆತ್ಮ ಬಂದು ದಾರಿಹೋಕನಿಗೆ ತನ್ನ ಕಥೆ ಹೇಳುವುದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಕೇಳಿದ ನೆಲ, ಭೂತಕೋಲದಲ್ಲಿ ದೈವ ತನ್ನ ಹುಟ್ಟು ಹೇಳುವ ನೆಲ ಕಾಸರಗೋಡು. ಅಲ್ಲಿ ಬೆಳೆದವರಿಗೆ ಜಪಾನು ದೂರವೆಂದು ಯಾಕೆ ಅನ್ನಿಸಬೇಕು?

ಈಜಿಪ್ಟಿನ ಮರಳಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದ ಹಾಳೆ 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಹುಡುಗಿಯ ಕಥೆ. ಅದರಲ್ಲಿ ಇಲ್ಲಿನವರು ಆಡುವ ಮಾತು ಕನ್ನಡ ಎಂದು ಕೆಲವರು, ತುಳು ಎಂದು ಕೆಲವರು, ಬರೀ ಗದ್ದಲ ಎಂದು ಉಳಿದವರು ವಾದಿಸಿದರು. ಪೈಗಳೂ ಅದರ ಹಿಂದೆ ಬಿದ್ದರು. ಗ್ರೀಸಿಗೆ ಹೋದವರು ಅಲ್ಲೂ ನಮ್ಮ ಕರಾವಳಿಯನ್ನೇ ಹುಡುಕಿದರು.

1911ರಲ್ಲಿ ಅವರು ಕನ್ನಡ ಪದ್ಯದಲ್ಲಿ ಪ್ರಾಸ ಬಿಟ್ಟರು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕೆಂಬ ಹಳೇ ಕಟ್ಟು ಅದು. ತೆಲುಗಿನಲ್ಲೂ ಇದೆ. ಅದಕ್ಕಾಗಿ ಹೇಳಬೇಕಾದ ಮಾತನ್ನೇ ಬಿಟ್ಟುಕೊಡುವ ಸಂಕಟ ಪದ್ಯ ಕಟ್ಟುವವನಿಗೆ ಗೊತ್ತು. ಪಂಡಿತರು ಮುನಿದರು, ಪೈಗಳು ಹಿಂದೆ ಸರಿಯಲಿಲ್ಲ. ಬೇರೆ ದೇಶದ ಹೊಲ ನೋಡಿದವನಿಗೇ ತನ್ನ ಹೊಲದಲ್ಲೂ ಹೊಸ ಬಿತ್ತನೆ ಮಾಡುವ ಧೈರ್ಯ ಬರೋದು. 1930ರಲ್ಲಿ ಗಿಳಿವಿಂಡು ಸಂಕಲನ ಬಂತು. ಯೇಸುವಿನ ಕಡೆಯ ದಿನದ ಮೇಲೆ ಗೊಲ್ಗೊಥಾ, ಬುದ್ಧನ ಕಡೆಯ ದಿನಗಳ ಮೇಲೆ ವೈಶಾಖಿ ಬರೆದರು. 1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಎಂದಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಇನ್ನು ಕಷ್ಟದ ಮಾತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡಣೆಯಾದವು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಯಾವ ದೇಶಕ್ಕೂ ಗಂಟುಮೂಟೆ ಕಟ್ಟದ 73 ವರ್ಷದ ಕವಿ ಇದ್ದ ಮನೆಯಲ್ಲೇ ಇದ್ದು ಬೇರೆ ರಾಜ್ಯದವರಾದರು. ಅವರು ತುಂಬಾ ನೊಂದರು. ಅವರಿಗೆ ಮಲಯಾಳದ ಮೇಲೆ ದ್ವೇಷವಿತ್ತು ಅಂತ ಯಾರೂ ತಿಳಿಯಬಾರದು. ಇಷ್ಟೊಂದು ಭಾಷೆಗಳ ಮನೆಗೆ ತಾವಾಗಿ ಹೋಗಿ ಬಂದವರಿಗೆ ಎಂಥ ದ್ವೇಷ? ಒಲಿದು ಹೋಗೋದು ಬೇರೆ, ಕೇಳದೆ ಕಳಿಸೋದು ಬೇರೆ. ಅವರು 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕೆಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಅದು ಜಾರಿಯಾಗಲೇ ಇಲ್ಲ. ಮಂಜೇಶ್ವರ ಕೇರಳದಲ್ಲೇ ಉಳಿಯಿತು.

ಇವತ್ತು ಆ ಊರಲ್ಲಿ ಅವರ ಹೆಸರಿನ ಸರ್ಕಾರಿ ಕಾಲೇಜಿದೆ, ಅವರ ಮನೆಯಲ್ಲಿ ಗಿಳಿವಿಂಡು ಹೆಸರಿನ ಸ್ಮಾರಕವಿದೆ. ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರವಿದೆ. ಇವೆಲ್ಲ ಇರಲಿ. ಗಡಿಯಲ್ಲಿ ವ್ಯಾಪಾರ, ಬೇಸಾಯ ಮಾಡುವ ನಮಗೆ ಅವರಿಂದ ಬರಬೇಕಾದ ಆಸ್ತಿ ಬೇರೆ. ಅಂಗಡಿಯಲ್ಲಿ ಎರಡು ಭಾಷೆ ಆಡುತ್ತೇವೆ, ಮಕ್ಕಳಿಗೆ ಅಕ್ಷರ ಒಂದರದ್ದೂ ಸರಿಯಾಗಿ ಕಲಿಸುತ್ತಿಲ್ಲ. ನಮ್ಮ ಕಡೆ ತೆಲುಗು ಆಡುವ ಎಷ್ಟೋ ಮಕ್ಕಳಿಗೆ ತೆಲುಗು ಓದಲು ಬಾರದು. ಕಾಸರಗೋಡಿನಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳುವುದೇ ಒಂದು ಹೋರಾಟ. ಮಕ್ಕಳು ವಿಮಾನ ಹತ್ತಲಿ, ದೂರದ ದೇಶ ನೋಡಲಿ, ಬೇಡ ಅನ್ನೋರು ಯಾರು? ಹತ್ತೋ ಮುಂಚೆ ಮನೆಯ ಎರಡು ಭಾಷೆಯನ್ನೂ ಓದಿ ಬರೆಯೋ ಹಾಗೆ ಮಾಡಿ ಕಳಿಸೋಣ. ಮೂರನೆಯದು ತಾನಾಗಿ ಬರುತ್ತದೆ.