ವಾಲಿಬಾಲ್ ವೀರ ಜಿಮ್ಮಿ ಜಾರ್ಜ್



ಶಾಲೆ ಹಿಂದಿನ ಬಯಲಲ್ಲಿ ಎರಡು ಅಡಿಕೆ ಮರದ ಕಂಬ ನೆಟ್ಟು ನಾವು ವಾಲಿಬಾಲ್ ಆಡೋದು ನಿಮಗೆಲ್ಲ ಗೊತ್ತೇ ಇದೆ. ಈ ಸಲ ಗುಬ್ಬಿಯಲ್ಲಿ ತಾಲ್ಲೂಕು ಮಟ್ಟ ಗೆದ್ದೆವು. ತುಮಕೂರಿಗೆ ಹೋಗಿ ಕುಣಿಗಲ್ ಕಡೆ ಹುಡುಗರ ಎದುರು ಸೋತೆವು. ಕೊನೆಯ ಸರ್ವಿಸ್ ನೆಟ್ಟಿಗೆ ಹೊಡೆದವನು ನಾನೇ. ಬಸ್ಸಿನಲ್ಲಿ ಪಿ.ಟಿ. ಮೇಷ್ಟ್ರು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬ ಆಟಗಾರರ ಕಥೆ ಹೇಳಿದರು. ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕೇರಳದ ಕಣ್ಣೂರು ಜಿಲ್ಲೆ. ಅಲ್ಲಿನ ಪೇರಾವೂರು ಎಂಬ ಊರಿನವರು ಜಿಮ್ಮಿ ಜಾರ್ಜ್. ಹುಟ್ಟಿದ್ದು 1955ರ ಮಾರ್ಚ್ 8ರಂದು. ಅವರ ತಂದೆಯೂ ವಾಲಿಬಾಲ್ ಆಟಗಾರರು, ಮಕ್ಕಳಿಗೆ ಅವರೇ ಮೊದಲ ಗುರು. ಮನೆಯಲ್ಲಿ ಎಂಟು ಜನ ಗಂಡುಮಕ್ಕಳು. ತಂಡಕ್ಕೆ ಬೇಕಾದ್ದು ಆರೇ ಜನ ಅಲ್ವಾ? ಮನೆಯಲ್ಲೇ ಒಂದು ತಂಡ, ಮೇಲೆ ಇಬ್ಬರು ಬದಲಿ ಆಟಗಾರರು!

ಜಿಮ್ಮಿ 16ನೇ ವಯಸ್ಸಿಗೇ ಕೇರಳ ರಾಜ್ಯ ತಂಡ ಸೇರಿದರು. 1973ರಿಂದ 1976ರವರೆಗೆ ಕ್ಯಾಲಿಕಟ್ ವಿಶ್ವವಿದ್ಯಾಲಯದ ಪರ ಆಡಿದರು. ಕಾಲೇಜು ಹುಡುಗನಾಗಿದ್ದಾಗಲೇ 1974ರ ಟೆಹರಾನ್ ಏಷ್ಯನ್ ಕ್ರೀಡಾಕೂಟಕ್ಕೆ ಹೋದರು. ಗಂಡಸರ ಆಟದಲ್ಲಿ ನೆಟ್ಟಿನ ಎತ್ತರ 2.43 ಮೀಟರು. ಜಿಮ್ಮಿ ಅದರ ಮೇಲಕ್ಕೆ ಜಿಗಿದು, ಗಾಳಿಯಲ್ಲೇ ಒಂದು ಗಳಿಗೆ ನಿಂತ ಹಾಗೆ ಕಂಡು, ಆಮೇಲೆ ಚೆಂಡು ಹೊಡೆಯುತ್ತಿದ್ದರಂತೆ. ತಡೆಯೋಕೆ ಹಾರಿದವರು ಅಷ್ಟರಲ್ಲಿ ಕೆಳಗಿಳಿದಿರುತ್ತಿದ್ದರು.

ಅವರು ಡಾಕ್ಟರ್ ಓದಿಗೂ ಸೇರಿದ್ದರು. 1976ರಲ್ಲಿ ಅದನ್ನು ಬಿಟ್ಟು ಕೇರಳ ಪೊಲೀಸ್ ಸೇರಿದರು. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. ಆಗ ವಯಸ್ಸು ಬರೀ 21.

1979ರಲ್ಲಿ ಅಬುಧಾಬಿಗೆ, 1982ರಲ್ಲಿ ಇಟಲಿಗೆ ಆಡಲು ಹೋದರು. ವಾಲಿಬಾಲ್ ಆಡಿಯೇ ಯುರೋಪಿನಲ್ಲಿ ಸಂಬಳ ಪಡೆದ ಮೊದಲ ಭಾರತೀಯ ಇವರೇ. ದೂರದಲ್ಲಿದ್ದರೂ ದೇಶ ಮರೆಯಲಿಲ್ಲ. 1986ರಲ್ಲಿ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಂಚು ಗೆದ್ದಾಗ ತಂಡದಲ್ಲಿ ಇವರಿದ್ದರು.

ಮರುವರ್ಷ, 1987ರ ನವೆಂಬರ್ 30ರಂದು ಇಟಲಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 32. ತಿರುವನಂತಪುರದ ಒಳಾಂಗಣ ಕ್ರೀಡಾಂಗಣಕ್ಕೆ ಅವರ ಹೆಸರಿದೆ. ಇಟಲಿಯ ಮೊಂಟಿಕಿಯಾರಿ ಎಂಬ ಊರಿನಲ್ಲೂ ಅವರ ಹೆಸರಿನ ಕ್ರೀಡಾಂಗಣವಿದೆ. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉದ್ದಜಿಗಿತದ ಕಂಚು ಗೆದ್ದ ಅಂಜು ಬಾಬಿ ಜಾರ್ಜ್ ಇವರ ತಮ್ಮನ ಹೆಂಡತಿ.

ಸ್ನೇಹಿತರೇ, ನಮ್ಮಪ್ಪ ಮುಂದಿನ ವರ್ಷ ಹತ್ತನೇ ಕ್ಲಾಸು, ಇನ್ನು ಆಟ ಬಿಡು ಅಂತ ಹೇಳಿಬಿಟ್ಟಿದ್ದರು. ಈ ಲೇಖನವನ್ನು ಅವರಿಗೆ ಓದಿ ಹೇಳಿದೆ. ಡಾಕ್ಟರ್ ಓದು ಬಿಟ್ಟ ಜಾಗ ಬಂದಾಗ ನನ್ನ ದನಿ ಸಣ್ಣದಾಯ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಡಾಕ್ಟರ್ ಓದಿಗೆ ಸೇರೋವಷ್ಟು ಮಾರ್ಕ್ಸ್ ಆ ಹುಡುಗ ತಗೊಂಡಿದ್ದ ತಾನೇ ಅಂತ ಕೇಳಿದರು. ಹೌದು ಅಂದೆ. ಹಾಗಾದ್ರೆ ನೀನೂ ಮೊದಲು ಲೆಕ್ಕ ಸರಿಯಾಗಿ ಕಲಿ, ಸಂಜೆ ಒಂದು ಗಂಟೆ ಆಡಿಕೋ ಅಂದರು.

ಆ ಒಂದು ಗಂಟೆ ಸಾಕು. ನಾಳೆಯಿಂದ ಬಯಲಿಗೆ ಬನ್ನಿ. ನಾನು ಸರ್ವಿಸ್ ಕಲಿಯಬೇಕು, ಎದುರುಗಡೆ ನಿಲ್ಲೋಕೆ ಯಾರಾದರೂ ಬೇಕು.

– ಒಂಬತ್ತನೇ ತರಗತಿ ವಿದ್ಯಾರ್ಥಿ