ಅರಸರ ಕುದುರೆ, ನನ್ನ ಕುದುರೆ



ವಿಜ್ಞಾನ ಪ್ರದರ್ಶನಕ್ಕೆ ಅಂತ ನಾನು ಮಾಡಿದ ಚದುರಂಗದ ಪ್ರೋಗ್ರಾಂನಲ್ಲಿ ಕುದುರೆ ಮಣೆಯ ಬಲಗಡೆಯಿಂದ ಹಾರಿ ಎಡಗಡೆ ಬಂದು ಬಿದ್ದದ್ದು ನಿಮಗೆಲ್ಲ ಗೊತ್ತು. ನೀವು ನಕ್ಕಿರಿ, ನಾನೂ ನಕ್ಕೆ. ಆದರೆ ಮನೆಗೆ ಹೋಗಿ ಅತ್ತೆ. ಪ್ರದರ್ಶನಕ್ಕೆ ಹೆಸರು ಬೇಡ ಅಂತ ಹೇಳಿಬಿಡೋಣ ಅಂದುಕೊಂಡೆ. ಆಗ ನಮ್ಮ ಗಣಿತದ ಮೇಷ್ಟ್ರು ಮೈಸೂರಿನ ಒಬ್ಬ ಅರಸರ ಕಥೆ ಹೇಳಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಜೀವನವನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಕೃಷ್ಣರಾಜರು ಹುಟ್ಟಿದ್ದು 1794ರ ಜುಲೈ 14ರಂದು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದರು. ಜೂನ್ 30ರಂದು ಇಂಗ್ಲಿಷರು ಈ ಬಾಲಕನನ್ನು ಮೈಸೂರಿನ ಗಾದಿಯ ಮೇಲೆ ಕೂರಿಸಿದರು. ಆಗ ಅವರಿಗೆ ಐದು ವರ್ಷವೂ ತುಂಬಿರಲಿಲ್ಲ. ನಮ್ಮೂರಿನ ಅಂಗನವಾಡಿ ಮಕ್ಕಳ ವಯಸ್ಸು! ಅವರು ದೊಡ್ಡವರಾಗುವ ತನಕ ದಿವಾನ್ ಪೂರ್ಣಯ್ಯನವರು ರಾಜ್ಯ ನೋಡಿಕೊಂಡರು. ಆಮೇಲೆ ಅರಸರು ತಾವೇ ಆಳಿದರು. ಆದರೆ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದಾಗ, ಆಡಳಿತ ಸರಿಯಿಲ್ಲವೆಂದು ಹೇಳಿ 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ಕಿತ್ತುಕೊಂಡರು. ಅರಸರಿಗೆ ಆಗ 37 ವರ್ಷ. ಅರಮನೆ ಉಳಿಯಿತು, ಹೆಸರು ಉಳಿಯಿತು, ಅಧಿಕಾರ ಮಾತ್ರ ಹೋಯ್ತು.

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರೇನೋ. ಇವರು ಕೂರಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆಸಿದರು. ಅದೇ ಮುಂದೆ ಬೆಳೆದು ಮಹಾರಾಜ ಕಾಲೇಜು ಆಯಿತು. ಪಂಡಿತರನ್ನೂ ಚಿತ್ರಗಾರರನ್ನೂ ಸೇರಿಸಿ ಶ್ರೀತತ್ತ್ವನಿಧಿ ಎಂಬ ದೊಡ್ಡ ಚಿತ್ರಗ್ರಂಥ ಮಾಡಿಸಿದರು. ಅದರಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದು ಕೌತುಕನಿಧಿ. ಯೋಗಾಸನ ಮತ್ತು ಆಟಗಳ ವಿಷಯ ಬರುವುದು ಅದರಲ್ಲೇ.

ಅರಸರಿಗೆ ಚದುರಂಗದಲ್ಲಿ ಬಹಳ ಪ್ರೀತಿ. ಅದರಲ್ಲೂ ಕುದುರೆಯ ಸಂಚಾರ ಅವರಿಗೆ ಅಚ್ಚುಮೆಚ್ಚು. ಮಣೆಯಲ್ಲಿ ಅಡ್ಡಸಾಲು 8, ಕಂಬಸಾಲು 8, ಒಟ್ಟು 64 ಮನೆ. ಕುದುರೆ ಒಂದು ಕಡೆಗೆ ಎರಡು ಮನೆ ಹೋಗಿ, ಪಕ್ಕಕ್ಕೆ ಒಂದು ಮನೆ ತಿರುಗುತ್ತದೆ. ಹೀಗೆ ಹಾರುತ್ತಾ 64 ಮನೆಯನ್ನೂ ಮೆಟ್ಟಬೇಕು, ಒಂದು ಮನೆಗೂ ಎರಡನೇ ಸಲ ಕಾಲಿಡಬಾರದು. ಮೊದಲ ಮನೆಯಲ್ಲಿ 1, ಎರಡನೆಯದರಲ್ಲಿ 2, ಹೀಗೆ ಅಂಕಿ ಬರೆದು ದಾರಿ ತೋರಿಸುತ್ತಾರೆ. ಇಂಥ ಎಷ್ಟೋ ದಾರಿಗಳನ್ನು ಅರಸರು ಹುಡುಕಿ ತೆಗೆದರು.

ಈಗ ನನ್ನ ಕುದುರೆಯ ವಿಷಯಕ್ಕೆ ಬರುತ್ತೇನೆ. ನಾನು 64 ಮನೆಗಳನ್ನು ಒಂದೇ ಉದ್ದ ಸಾಲಿನ ಅರೇಯಲ್ಲಿ ಇಟ್ಟಿದ್ದೆ. ಅರೇ ಅಂದ್ರೆ ಕಂಪ್ಯೂಟರಿನ ಒಳಗೆ ನಂಬರು ಹಾಕಿದ ಗೂಡುಗಳ ಸಾಲು, ನಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳ ಹಾಗೆ. ಎಣಿಕೆ ಸೊನ್ನೆಯಿಂದ ಶುರು. ಮೇಲಿನ ಸಾಲು 0ಯಿಂದ 7, ಅದರ ಕೆಳಗಿನದು 8ರಿಂದ 15, ಹೀಗೆ 63ರವರೆಗೆ. ಒಂದು ಸಾಲು ಕೆಳಗೆ, ಎರಡು ಮನೆ ಬಲಕ್ಕೆ ಹಾರಬೇಕಾದರೆ 8 ಮತ್ತು 2 ಸೇರಿ 10 ಕೂಡಿಸಬೇಕು. 15ನೇ ಮನೆಯಲ್ಲಿದ್ದ ಕುದುರೆಗೆ ನಾನು 10 ಕೂಡಿಸಿದೆ, 25 ಬಂತು. ಲೆಕ್ಕ ಸರಿ. ಆದರೆ 15 ಇರುವುದು ಬಲ ಅಂಚಿನಲ್ಲಿ! ಅಲ್ಲಿಂದ ಬಲಕ್ಕೆ ಮನೆಯೇ ಇಲ್ಲ. 25 ಇರುವುದು ಎರಡು ಸಾಲು ಕೆಳಗೆ, ಎಡಗಡೆ. ಉದ್ದ ಸಾಲಿಗೆ ಮಣೆಯ ಅಂಚು ಗೊತ್ತೇ ಇರಲಿಲ್ಲ.

ಮೇಷ್ಟ್ರು ನೆಲದ ಮೇಲೆ ಮಣೆ ಬರೆದು, ಅರಸರ ಹಾಗೆ ಅಂಕಿ ತುಂಬಲು ಹೇಳಿದರು. ಆಗ ನನಗೆ ಆಯಾಮ ಅಂದ್ರೆ ಏನೂಂತ ಗೊತ್ತಾಯ್ತು. ಒಂದು ಮನೆಯನ್ನು ಹುಡುಕಲು ಎಷ್ಟು ಅಂಕಿ ಹೇಳಬೇಕೋ ಅಷ್ಟು ಆಯಾಮ. ಉದ್ದ ಸಾಲಿಗೆ ಒಂದೇ ಅಂಕಿ ಸಾಕು. ಮಣೆಗೆ ಎರಡು ಬೇಕು, ಅಡ್ಡಸಾಲು ಮತ್ತು ಕಂಬಸಾಲು. 15 ಅನ್ನುವ ಬದಲು ಸಾಲು 1, ಕಂಬ 7 ಅಂದರೆ, 7ಕ್ಕೆ 2 ಕೂಡಿಸಿದಾಗ 9 ಬರುತ್ತೆ. 7ರ ಮೇಲೆ ಕಂಬ ಇಲ್ಲವಲ್ಲ, ಕುದುರೆ ನಿಲ್ಲುತ್ತೆ.

ಅರಸರು ಆಡಿದ ಗಂಜೀಫಾ ಎಲೆಗಳೂ ಹಾಗೇ. ಮೈಸೂರಿನ ಛದ ಗಂಜೀಫಾದಲ್ಲಿ ಒಂದೊಂದು ಬಣಕ್ಕೆ ಸಾಮಾನ್ಯವಾಗಿ 18 ಎಲೆ, ಕೆಲವು ಆಟದಲ್ಲಿ 18 ಬಣಗಳವರೆಗೂ ಇದ್ದವು. ಯಾವ ಬಣ, ಅದರಲ್ಲಿ ಎಷ್ಟನೇ ಎಲೆ ಎಂದು ಎರಡು ಮಾತು ಹೇಳಿದರೆ ಎಲೆ ಸಿಕ್ಕಿತು.

ಇನ್ನೊಂದು ಗೊಂದಲವೂ ಹೋಯ್ತು. ಕಂಪ್ಯೂಟರ್ ಚಿತ್ರದಲ್ಲಿ ಮೂರು ಆಯಾಮ ಅಂದರೆ ಉದ್ದ, ಅಗಲ, ಎತ್ತರ. ಅದಕ್ಕೆ ಮೂರು ಆಯಾಮದ ಅರೇ ಬೇಕೇ ಬೇಕು ಅಂದುಕೊಂಡಿದ್ದೆ. ಹಾಗೇನಿಲ್ಲ. ಗಾಳಿಪಟ ಆಕಾಶದಲ್ಲಿ ಎಲ್ಲಿದೆ ಎಂದು ಹೇಳಲು ಮೂರು ಅಂಕಿ ಬೇಕು, ಆದರೆ ಆ ಮೂರನ್ನೂ ಮೂರು ಗೂಡಿನ ಒಂದೇ ಸಾಲಿನಲ್ಲಿ ಇಡಬಹುದು. ಗಾಳಿಪಟದ ಆಯಾಮ ಬೇರೆ, ಗೂಡಿನ ಆಯಾಮ ಬೇರೆ.

ಅರಸರ ಕಥೆ ಮುಗಿಸುತ್ತೇನೆ. ರಾಜ್ಯ ತಿರುಗಿ ಕೊಡಿ ಎಂದು ಅವರು ವರ್ಷಗಟ್ಟಲೆ ಇಂಗ್ಲಿಷರಿಗೆ ಕೇಳಿಕೊಂಡರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1868ರ ಮಾರ್ಚ್ 27ರಂದು ತೀರಿಕೊಂಡರು. ಆಡಳಿತ ಮರಳಿ ಅರಸು ಮನೆತನಕ್ಕೆ ಬಂದದ್ದು 1881ರಲ್ಲಿ, ಆ ದತ್ತುಪುತ್ರನ ಕೈಗೆ. ಅದನ್ನು ನೋಡಲು ಇವರು ಇರಲಿಲ್ಲ. ಅಧಿಕಾರ ಹೋದ ಮೇಲೆ 36 ವರ್ಷಕ್ಕೂ ಹೆಚ್ಚು ಬದುಕಿದರು, ಆ ವರ್ಷಗಳನ್ನು ಖಾಲಿ ಬಿಡಲಿಲ್ಲ. ಒಂದು ಕುದುರೆ ತಪ್ಪಿತು ಅಂತ ಆಟವನ್ನೇ ಬಿಡಲು ಹೊರಟಿದ್ದ ನನಗೆ ನಾಚಿಕೆ ಆಯ್ತು. ಪ್ರದರ್ಶನಕ್ಕೆ ಹೆಸರು ಕೊಟ್ಟಿದ್ದೇನೆ.

ನಿಮಗೊಂದು ಲೆಕ್ಕ: ನನ್ನ ಉದ್ದ ಸಾಲಿನಲ್ಲಿ ಕುದುರೆ 39ನೇ ಮನೆಯಲ್ಲಿದೆ. ಎರಡು ಸಾಲು ಕೆಳಗೆ, ಒಂದು ಮನೆ ಬಲಕ್ಕೆ ಅಂತ 17 ಕೂಡಿಸಿದೆ, 56 ಬಂತು. ಇದು ಸರಿಯಾದ ನೆಗೆತವೋ, ಅಲ್ಲವೋ? ನೆಲದ ಮೇಲೆ ಮಣೆ ಬರೆದು ನೋಡಿ. ಉತ್ತರವನ್ನು ಊಟದ ಬಿಡುವಿನಲ್ಲಿ ನನಗೆ ಹೇಳಿ.

ಇಂತಿ ನಿಮ್ಮ ಗೆಳತಿ,
9ನೇ ತರಗತಿ