ಚಾರ್ಲ್ಸ್ ಡಾಟರ್

ಚಾರ್ಲ್ಸ್ ಥಿಯೋಡರ್ ಡಾಟರ್ (ಜೂನ್ ೧೪, ೧೯೨೦ – ಫೆಬ್ರವರಿ ೧೫, ೧೯೮೫) ಅಮೆರಿಕದ ವೈದ್ಯರು ಹಾಗೂ ಕ್ಷ-ಕಿರಣ ತಜ್ಞರು. ದೇಹವನ್ನು ಕೊಯ್ಯದೆ, ಕ್ಯಾತಿಟರ್ ಎಂಬ ತೆಳುವಾದ ಕೊಳವೆಯನ್ನು ರಕ್ತನಾಳದೊಳಗೆ ತೂರಿಸಿ ರೋಗವನ್ನು ಗುಣಪಡಿಸುವ ಪದ್ಧತಿಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಇವರನ್ನು ಇಂಟರ್‌ವೆನ್ಷನಲ್ ರೇಡಿಯಾಲಜಿಯ ಪಿತಾಮಹರೆಂದು ಕರೆಯಲಾಗುತ್ತದೆ. ಮುಚ್ಚಿಹೋದ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿ ಚಿಕಿತ್ಸೆಯಿಂದ ಇವರ ಹೆಸರು ಪ್ರಸಿದ್ಧವಾಗಿದೆ. ರಕ್ತ ಹರಿಯುತ್ತಿರುವ ನಾಳವನ್ನು ಉದ್ದೇಶಪೂರ್ವಕವಾಗಿ ಮುಚ್ಚುವ ಎಂಬೋಲೈಸೇಶನ್ ಚಿಕಿತ್ಸೆಯ ಆರಂಭದ ಬೆಳವಣಿಗೆಯಲ್ಲಿಯೂ ಇವರ ಪಾತ್ರ ಮಹತ್ವದ್ದಾಗಿದೆ.

ಜನನ ಮತ್ತು ಶಿಕ್ಷಣ

ಡಾಟರ್ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಬೋಸ್ಟನ್ ನಗರದಲ್ಲಿ ಜನಿಸಿದರು. ಬಾಲ್ಯವನ್ನು ನ್ಯೂಯಾರ್ಕ್ ರಾಜ್ಯದ ಫ್ರೀಪೋರ್ಟ್‌ನಲ್ಲಿ ಕಳೆದರು. ಚಿಕ್ಕಂದಿನಿಂದಲೂ ಯಂತ್ರೋಪಕರಣಗಳಲ್ಲಿ ಅವರಿಗೆ ಅಪಾರ ಆಸಕ್ತಿಯಿತ್ತು. ೧೯೪೧ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿಯನ್ನೂ, ೧೯೪೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿಯನ್ನೂ ಪಡೆದರು. ನ್ಯೂಯಾರ್ಕ್‌ನಲ್ಲಿ ಕ್ಷ-ಕಿರಣ ವಿಭಾಗದ ತರಬೇತಿ ಪಡೆಯುತ್ತಿದ್ದಾಗಲೇ ರಕ್ತನಾಳಗಳ ಚಿತ್ರಣದ ಕಡೆಗೆ ಅವರ ಗಮನ ಹರಿಯಿತು. ೧೯೫೦ರಲ್ಲಿ ಸೆಕೆಂಡಿಗೆ ಎರಡು ಚಿತ್ರಗಳನ್ನು ತೆಗೆಯಬಲ್ಲ ಸ್ವಯಂಚಾಲಿತ ಕ್ಷ-ಕಿರಣ ಫಿಲ್ಮ್ ಸಾಧನವೊಂದನ್ನು ರೂಪಿಸಿದರು.

ಪೋರ್ಟ್‌ಲೆಂಡ್‌ನಲ್ಲಿ ಸೇವೆ

೧೯೫೨ರಲ್ಲಿ, ತಮ್ಮ ೩೨ನೆಯ ವಯಸ್ಸಿನಲ್ಲಿ, ಡಾಟರ್ ಪೋರ್ಟ್‌ಲೆಂಡ್ ನಗರದ ಆರೆಗಾನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಕ್ಷ-ಕಿರಣ ವಿಭಾಗದ ಮುಖ್ಯಸ್ಥರಾದರು. ಜೀವನದ ಕೊನೆಯವರೆಗೂ ಅದೇ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. ಅವರಿಗೆ ಬೇಕಾದ ಉಪಕರಣಗಳು ಆ ಕಾಲದ ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಆದ್ದರಿಂದ ಗಿಟಾರಿನ ತಂತಿ, ವಾಹನದ ಕೇಬಲ್ ಮೊದಲಾದವುಗಳಿಂದ ತಾವೇ ಉಪಕರಣಗಳನ್ನು ತಯಾರಿಸಿಕೊಳ್ಳುತ್ತಿದ್ದರು. ೧೯೬೩ರಲ್ಲಿ ಶಿಕಾಗೋದ ವೈದ್ಯಕೀಯ ಸಮ್ಮೇಳನವೊಂದರಲ್ಲಿ ಉಪಕರಣ ತಯಾರಕ ಬಿಲ್ ಕುಕ್ ಅವರ ಪರಿಚಯವಾಯಿತು. ಡಾಟರ್ ಅವರು ಕುಕ್ ಅವರಿಂದ ಟೆಫ್ಲಾನ್ ಕೊಳವೆಗಳನ್ನೂ ಬೆಂಕಿಯ ದೀಪವನ್ನೂ ಎರವಲು ಪಡೆದು, ಕೊಳವೆಗಳನ್ನು ಕಾಯಿಸಿ ಎಳೆದು ಹತ್ತು ಕ್ಯಾತಿಟರ್‌ಗಳನ್ನು ಸಿದ್ಧಪಡಿಸಿದರು. ಇಲ್ಲಿಂದ ಆರಂಭವಾದ ಅವರ ಸಹಕಾರ ದೀರ್ಘಕಾಲ ಮುಂದುವರಿಯಿತು.

ಆಂಜಿಯೋಪ್ಲಾಸ್ಟಿ

೧೯೬೪ರ ಜನವರಿ ೧೬ರಂದು ಡಾಟರ್ ೮೨ ವರ್ಷದ ವೃದ್ಧೆಯೊಬ್ಬರಿಗೆ ಚಿಕಿತ್ಸೆ ನೀಡಿದರು. ತೊಡೆಯ ಅಪಧಮನಿ ಕಿರಿದಾಗಿ ಆಕೆಯ ಕಾಲಿಗೆ ರಕ್ತ ಹರಿಯುವುದು ಕಡಿಮೆಯಾಗಿತ್ತು, ಬೆರಳುಗಳು ಕೊಳೆಯತೊಡಗಿದ್ದವು. ಕಾಲನ್ನು ಕತ್ತರಿಸಬೇಕೆಂದು ವೈದ್ಯರು ಸಲಹೆ ನೀಡಿದ್ದರೂ ಆಕೆ ಒಪ್ಪಿರಲಿಲ್ಲ. ಡಾಟರ್ ಒಂದರ ಮೇಲೊಂದು ದಪ್ಪವಾದ ಕ್ಯಾತಿಟರ್‌ಗಳನ್ನು ತೂರಿಸಿ ನಾಳವನ್ನು ಹಿಗ್ಗಿಸಿದರು. ಕಾಲು ಮತ್ತೆ ಬೆಚ್ಚಗಾಯಿತು. ಸುಮಾರು ಎರಡೂವರೆ ವರ್ಷಗಳ ನಂತರ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೂ ಆಕೆ ತನ್ನ ಕಾಲಿನ ಮೇಲೆಯೇ ನಡೆದಾಡಿದರು. ಈ ವಿಧಾನವನ್ನು ಡಾಟರ್ ಮತ್ತು ಅವರ ಸಹೋದ್ಯೋಗಿ ಮೆಲ್ವಿನ್ ಜಡ್ಕಿನ್ಸ್ ಅದೇ ವರ್ಷ ಪ್ರಕಟಿಸಿದರು.

ಅಮೆರಿಕದ ಬಹುತೇಕ ಶಸ್ತ್ರಚಿಕಿತ್ಸಕರು ಈ ವಿಧಾನವನ್ನು ನಂಬಲಿಲ್ಲ. ರೋಗಿಯನ್ನು ಕಳುಹಿಸಿದ ಶಸ್ತ್ರಚಿಕಿತ್ಸಕರೊಬ್ಬರು, ಚಿತ್ರವನ್ನು ಮಾತ್ರ ತೆಗೆಯಬೇಕು, ದುರಸ್ತಿಗೆ ಕೈಹಾಕಬಾರದು ಎಂದು ಚೀಟಿಯಲ್ಲಿ ಸೂಚಿಸಿದ್ದುಂಟು. ಯುರೋಪಿನಲ್ಲಿ ಇದಕ್ಕೆ ಮನ್ನಣೆ ದೊರೆಯಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಅವರು ಡಾಟರ್ ವಿಧಾನಕ್ಕೆ ಬಲೂನನ್ನು ಸೇರಿಸಿ ಸುಧಾರಿಸಿದರು ಮತ್ತು ೧೯೭೭ರಲ್ಲಿ ಹೃದಯದ ನಾಳಕ್ಕೂ ಅನ್ವಯಿಸಿದರು. ನಾಳವನ್ನು ತೆರೆದಿಡುವ ಸುರುಳಿ ಸ್ಪ್ರಿಂಗ್‌ಗಳನ್ನು ಡಾಟರ್ ನಾಯಿಗಳ ಮೇಲೆ ಪ್ರಯೋಗಿಸಿ ೧೯೬೯ರಲ್ಲಿಯೇ ವರದಿ ಮಾಡಿದ್ದರು. ಇವು ಇಂದಿನ ಸ್ಟೆಂಟ್‌ಗಳ ಪೂರ್ವರೂಪ.

ರಕ್ತನಾಳ ಮುಚ್ಚುವ ಚಿಕಿತ್ಸೆ

ಹೊಟ್ಟೆಯೊಳಗಿನ ರಕ್ತಸ್ರಾವ ನಿಲ್ಲದಿದ್ದಾಗ ಅಥವಾ ಗಡ್ಡೆಯೊಂದು ರಕ್ತವನ್ನು ಹೀರಿ ಬೆಳೆಯುತ್ತಿರುವಾಗ ಅದಕ್ಕೆ ಹೋಗುವ ನಾಳವನ್ನು ಮುಚ್ಚುವುದೇ ಚಿಕಿತ್ಸೆಯಾಗುತ್ತದೆ. ೧೯೬೦ರಲ್ಲಿ ನರಶಸ್ತ್ರಚಿಕಿತ್ಸಕ ಆಲ್ಫ್ರೆಡ್ ಲೂಸೆನ್‌ಹಾಪ್ ಅವರು ಮೆದುಳಿನ ವಿಕೃತ ನಾಳಗಳನ್ನು ಪ್ಲಾಸ್ಟಿಕ್ ಗುಂಡುಗಳಿಂದ ಮುಚ್ಚಿದ್ದನ್ನು ವರದಿ ಮಾಡಿದ್ದರು. ಆದರೆ ಅದಕ್ಕೆ ಕುತ್ತಿಗೆಯ ಅಪಧಮನಿಯನ್ನು ಕೊಯ್ದು ತೆರೆಯಬೇಕಾಗಿತ್ತು. ೧೯೭೨ರಲ್ಲಿ ಜೋಸೆಫ್ ರೋಶ್, ಡಾಟರ್ ಮತ್ತು ಬ್ರೌನ್ ಅವರು ಜಠರದ ರಕ್ತಸ್ರಾವವನ್ನು ಕ್ಯಾತಿಟರ್ ಮೂಲಕ ನಿಲ್ಲಿಸಿದ ಬಗೆಯನ್ನು ಪ್ರಕಟಿಸಿದರು. ಆಗ ಬಳಸಿದ್ದು ರೋಗಿಯದೇ ಹೆಪ್ಪುಗಟ್ಟಿದ ರಕ್ತ.

ರಕ್ತದ ಹೆಪ್ಪು ದೇಹದಲ್ಲಿ ಬೇಗನೆ ಕರಗಿಹೋಗಬಲ್ಲದು. ಆದ್ದರಿಂದ ಹೆಚ್ಚು ಕಾಲ ಉಳಿಯುವ ವಸ್ತುವಿನ ಅಗತ್ಯವಿತ್ತು. ೧೯೭೫ರಲ್ಲಿ ಡಾಟರ್, ಗೋಲ್ಡ್‌ಮನ್ ಮತ್ತು ರೋಶ್ ಅವರು ಸಯನೋಆಕ್ರಿಲೇಟ್ ಎಂಬ ದ್ರವದ ಬಳಕೆಯನ್ನು ವರದಿ ಮಾಡಿದರು. ಇದು ಮನೆಗಳಲ್ಲಿ ಬಳಸುವ, ಕ್ಷಣದಲ್ಲಿ ಹಿಡಿಯುವ ಅಂಟಿನ ಜಾತಿಗೆ ಸೇರಿದ್ದು. ರಕ್ತ ತಗಲಿದೊಡನೆ ಇದರ ಅಣುಗಳು ಸರಪಳಿಯಂತೆ ಕೂಡಿಕೊಂಡು ಗಟ್ಟಿಯಾದ ಪಾಲಿಮರ್ ಆಗುತ್ತವೆ. ತುಸು ತಡವಾದರೆ ಕ್ಯಾತಿಟರಿನ ತುದಿಯೇ ನಾಳಕ್ಕೆ ಅಂಟಿಕೊಳ್ಳುವ ಅಪಾಯವಿರುವುದರಿಂದ ವೈದ್ಯರಿಗೆ ವಿಶೇಷ ಕೈಚಳಕ ಬೇಕಾಗುತ್ತದೆ.

ಪಾಲಿಮರ್ ಸೂಕ್ಷ್ಮಗೋಲಗಳು

೧೯೭೦ರ ದಶಕದಲ್ಲಿಯೇ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರಿನ ಕಣಗಳೂ ಬಳಕೆಗೆ ಬಂದವು. ಅವುಗಳ ಆಕಾರ ಅಂಕುಡೊಂಕಾಗಿದ್ದುದರಿಂದ ಒಂದಕ್ಕೊಂದು ಸಿಕ್ಕಿಕೊಂಡು ಕ್ಯಾತಿಟರಿನಲ್ಲಿಯೋ ಗುರಿಗಿಂತ ಮೊದಲೇ ನಾಳದಲ್ಲಿಯೋ ನಿಂತುಬಿಡುತ್ತಿದ್ದವು. ಡಾಟರ್ ಅವರ ನಿಧನಾನಂತರ, ೧೯೯೦ರ ದಶಕದಲ್ಲಿ, ನಯವಾದ ಮೈಯುಳ್ಳ, ಸ್ವಲ್ಪ ಅದುಮಿದರೆ ಕುಗ್ಗುವ ದುಂಡನೆಯ ಸೂಕ್ಷ್ಮಗೋಲಗಳು ರೂಪುಗೊಂಡವು. ಇವು ೩೦೦ರಿಂದ ೫೦೦, ೫೦೦ರಿಂದ ೭೦೦ ಮೈಕ್ರಾನ್ ಮುಂತಾದ ಅಳತೆಗಳಲ್ಲಿ ದೊರೆಯುತ್ತವೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್.

ಇಲ್ಲಿ ಅಳತೆಯೇ ಮುಖ್ಯವಾದುದು. ಗೋಲವು ತೀರ ಚಿಕ್ಕದಾದರೆ ಗುರಿಯನ್ನು ದಾಟಿ ಆರೋಗ್ಯವಂತ ಅಂಗಾಂಶಕ್ಕೆ ಹಾನಿ ಮಾಡಬಹುದು. ತೀರ ದೊಡ್ಡದಾದರೆ ದೂರದಲ್ಲಿಯೇ ನಿಂತು, ಗಡ್ಡೆಗೆ ಬೇರೆ ದಾರಿಯಿಂದ ರಕ್ತ ದೊರೆಯುತ್ತದೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳಿಗೆ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಈ ಚಿಕಿತ್ಸೆಯನ್ನು ಬಳಸಲಾಗುತ್ತಿದೆ. ಆರೋಗ್ಯವಂತ ಯಕೃತ್ತಿಗೆ ಹೆಚ್ಚಿನ ರಕ್ತ ಪೋರ್ಟಲ್ ಅಭಿಧಮನಿಯಿಂದ ಬರುತ್ತದೆ. ಗಡ್ಡೆಯಾದರೋ ಮುಖ್ಯವಾಗಿ ಯಕೃತ್ತಿನ ಅಪಧಮನಿಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ಅಪಧಮನಿಯ ಕವಲನ್ನು ಮುಚ್ಚಿದರೂ ಉಳಿದ ಭಾಗ ಬದುಕುತ್ತದೆ. ಔಷಧವನ್ನು ತುಂಬಿಕೊಂಡು ನಿಧಾನವಾಗಿ ಬಿಡುವ ಗೋಲಗಳೂ ಈಗ ಬಳಕೆಯಲ್ಲಿವೆ.

ಕೊನೆಯ ದಿನಗಳು ಮತ್ತು ಸ್ಮರಣೆ

ಡಾಟರ್ ಅವರು ಉತ್ಸಾಹಿ ಪರ್ವತಾರೋಹಿಯಾಗಿದ್ದರು. ಹಾಡ್ಜ್‌ಕಿನ್ ಕಾಯಿಲೆಗೆ ತುತ್ತಾಗಿ ವಿಕಿರಣ ಚಿಕಿತ್ಸೆ ಪಡೆದ ಮೇಲೂ ಶಿಖರಗಳನ್ನು ಏರುವುದನ್ನು ಬಿಡಲಿಲ್ಲ. ೧೯೭೮ರಲ್ಲಿ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸಲಾಗಿತ್ತು. ಶಸ್ತ್ರಚಿಕಿತ್ಸೆಯನ್ನು ತಪ್ಪಿಸುವ ದಾರಿ ಹುಡುಕಿದ ಅವರೇ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ೧೯೮೫ರಲ್ಲಿ, ೬೪ನೆಯ ವಯಸ್ಸಿನಲ್ಲಿ, ಪೋರ್ಟ್‌ಲೆಂಡ್‌ನಲ್ಲಿ ನಿಧನರಾದರು.

ಕ್ಷ-ಕಿರಣ ತಜ್ಞರು ಚಿತ್ರ ತೆಗೆದುಕೊಡುವುದಕ್ಕಷ್ಟೇ ಸೀಮಿತರಾಗದೆ, ರೋಗಿಯ ಪೂರ್ಣ ಹೊಣೆಯನ್ನು ಹೊರಬೇಕೆಂಬುದು ಅವರ ದೃಢವಾದ ನಿಲುವಾಗಿತ್ತು. ಅವರ ನೆನಪಿಗಾಗಿ ೧೯೯೦ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಡಾಟರ್ ಇಂಟರ್‌ವೆನ್ಷನಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು.